ಪೆನ್‌ರೋಸರ ಪ್ರಮೇಯ: ಬಲವೂ ಎಲ್ಲೆಯೂ

1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ನಕ್ಷತ್ರದ ಕುಸಿತವನ್ನು ಗಣಿಸಿದ್ದು ಪರಿಪೂರ್ಣ ಗೋಲವನ್ನು ಕಲ್ಪಿಸಿಕೊಂಡು. ಗೋಲತ್ವ ತುಸು ಕೆಟ್ಟರೆ ಕೊನೆಯ ಸಿಂಗ್ಯುಲ್ಯಾರಿಟಿಯೂ ತಪ್ಪೀತೆಂಬ ಸಂಶಯ ಆಗ ಉಳಿಯಿತು. ಅದನ್ನು ನೀಗಿಸಿದ್ದು 1965ರಲ್ಲಿ ರೋಜರ್ ಪೆನ್‌ರೋಸರು ಬರೆದ ಮೂರು ಪುಟಗಳ ಲೇಖನ.

ಅವರು ಐನ್‌ಸ್ಟೈನರ ಸಮೀಕರಣಗಳನ್ನು ಬಿಡಿಸಲು ಹೋಗದೆ ದೇಶಕಾಲದ ರೇಖಾಗಣಿತವನ್ನೇ ವಿಚಾರಿಸಿದರು. ಹೊರಮುಖವಾಗಿ ಹೊರಟ ಬೆಳಕೂ ಸಂಕುಚಿಸುವಂತಹ ಮುಚ್ಚಿದ ಮೇಲ್ಮೈ ಏರ್ಪಟ್ಟಿರಲಿ, ಶಕ್ತಿ ಋಣವಾಗದಿರಲಿ, ಭವಿಷ್ಯವನ್ನು ನಿರ್ಣಯಿಸುವ ಆದಿಸ್ಥಿತಿಯ ಆಕಾಶ ಅಪರಿಮಿತವಾಗಿರಲಿ. ಇಷ್ಟಾದರೆ ಬೆಳಕಿನ ಒಂದು ಪಥವಾದರೂ ಅರ್ಧಕ್ಕೇ ನಿಲ್ಲಲೇಬೇಕು. ಗುರುತ್ವವು ಪಥಗಳನ್ನು ಒಗ್ಗೂಡಿಸುವ ಬಗೆಯನ್ನು ದ್ರವ್ಯಕಣಗಳ ವಿಷಯದಲ್ಲಿ ಕಲ್ಕತ್ತೆಯ ಅಮಲ್ ಕುಮಾರ್ ರಾಯಚೌಧುರಿಯವರು 1955ರಲ್ಲಿಯೇ ತೋರಿಸಿದ್ದರು.

ಪ್ರಮೇಯ ಸಾಧಿಸುವುದು ಇಷ್ಟನ್ನೇ. ಪಥ ನಿಂತಲ್ಲಿ ಸಾಂದ್ರತೆ ಅನಂತವಾಗುತ್ತದೆಂದಾಗಲಿ, ಆ ತಾಣವನ್ನು ದಿಗಂತವೊಂದು ಮರೆಮಾಡುತ್ತದೆಂದಾಗಲಿ ಅದು ಹೇಳದು. ದಿಗಂತದ ಮಾತು ಪೆನ್‌ರೋಸರೇ 1969ರಲ್ಲಿ ಮುಂದಿಟ್ಟ ಊಹೆ. ಅದು ಸಾಮಾನ್ಯ ರೂಪದಲ್ಲಿ ಇಂದಿಗೂ ಸಿದ್ಧವಾಗಿಲ್ಲ. ಕಪ್ಪುಕುಳಿಗಳ ಉತ್ಪತ್ತಿ ಸಿದ್ಧಾಂತದ ದೃಢವಾದ ಫಲವೆಂದು ತೋರಿಸಿದ್ದಕ್ಕಾಗಿ 2020ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಗೌರವ ಯೋಗ್ಯವೇ. ಆದರೆ ಪ್ರಮೇಯವನ್ನೂ ಊಹೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಜನಪ್ರಿಯ ಬರಹವು ಈ ಕೃತಿಯ ನಿಜವಾದ ಗುಣವನ್ನೇ ಮರೆಸುತ್ತದೆ. ಸಾಧಿಸಿದ್ದಕ್ಕಿಂತ ಒಂದಕ್ಷರವನ್ನೂ ಹೆಚ್ಚು ನುಡಿಯದ ಸಂಯಮವೇ ಆ ಗುಣ.