ಕೊನೆಯ ಬಟನ್‌ನ ಹಿಂದಿನ ಯೂನಿಕಾರ್ನ್

ಫೈರ್‌ಫಾಕ್ಸ್‌ನ ಟೂಲ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಸ್ಟಮೈಸ್ ಪುಟ ತೆರೆಯಿರಿ. ಬಳಸದೆ ಬಿಟ್ಟ ಬಟನ್‌ಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ಒಂದೊಂದನ್ನೇ ಎಳೆದು ಓವರ್‌ಫ್ಲೋ ಮೆನುವಿಗೆ ತುಂಬುತ್ತ ಬನ್ನಿ. ‘ಫ್ಲೆಕ್ಸಿಬಲ್ ಸ್ಪೇಸ್’ ಒಂದೇ ಉಳಿದಾಗ ಪುಟದ ಅಡಿಯಲ್ಲಿ ಯೂನಿಕಾರ್ನ್ ಚಿತ್ರದ ಪುಟ್ಟ ಬಟನ್ ಮೂಡುತ್ತದೆ. ಒತ್ತಿದರೆ ಹಳೇ ಪಾಂಗ್ ಆಟ. ಚೆಂಡಿನ ಜಾಗದಲ್ಲಿ ಯೂನಿಕಾರ್ನ್ ಪುಟಿಯುತ್ತಿರುತ್ತದೆ. ಆಟವೇನೋ ಸಾಧಾರಣ, ಎರಡು ನಿಮಿಷಕ್ಕೆ ಬೇಸರ ಬರುತ್ತದೆ. ಅದನ್ನು ಬಚ್ಚಿಟ್ಟ ಜಾಗ ಮಾತ್ರ ಭಲೇ! ಇಂಥ ಕೆಲಸಕ್ಕೆ ಬಾರದ ಕೆಲಸವನ್ನು ಕೊನೇತನಕ ಮಾಡುವ ಒಬ್ಬರಾದರೂ ಇದ್ದಾರು ಎಂದು ಯಾರೋ ಪ್ರೋಗ್ರಾಮರ್ ನಂಬಿದ್ದಾರೆ.

ಬ್ರೌಸರ್‌ಗಳ ಈಸ್ಟರ್ ಎಗ್‌ಗಳನ್ನು, ಅಂದರೆ ಹೀಗೆ ಬಚ್ಚಿಟ್ಟ ತಮಾಷೆಗಳನ್ನು, ತೂಗಬೇಕಾದ್ದು ಹೀಗೇ ಎಂದು ನನಗನ್ನಿಸುತ್ತದೆ. ಒಳಗೆ ಏನಿದೆ ಅನ್ನುವುದು ಆಮೇಲಿನ ಮಾತು, ಎಲ್ಲಿಟ್ಟಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು.

ಈ ಚಾಳಿ ಫೈರ್‌ಫಾಕ್ಸ್‌ನ ಪೂರ್ವಜ ನೆಟ್‌ಸ್ಕೇಪ್ ಬ್ರೌಸರ್‌ನ ಕಾಲದ್ದು. ಅಡ್ರೆಸ್ ಬಾರ್‌ನಲ್ಲಿ ‘ಅಬೌಟ್:ಮೊಝಿಲ್ಲಾ’ ಎಂದು ಟೈಪಿಸಿದರೆ ಕಡುಗೆಂಪು ಪುಟದಲ್ಲಿ ಬೈಬಲ್ ಧಾಟಿಯ ಭವಿಷ್ಯವಾಣಿ ಕಾಣಿಸುತ್ತಿತ್ತು. ಫೈರ್‌ಫಾಕ್ಸ್‌ನಲ್ಲಿ ಇಂದಿಗೂ ಇದೆ. ಹೊಸ ಹೊಸ ‘ಶ್ಲೋಕ’ಗಳು ಸೇರುತ್ತ ಬಂದಿವೆ. ಅಧ್ಯಾಯ-ಶ್ಲೋಕದಂತೆ ಕಾಣುವ ಅಂಕಿಗಳು ನಿಜಕ್ಕೂ ತಾರೀಖುಗಳು. 3:31 ಅಂದರೆ ನೆಟ್‌ಸ್ಕೇಪ್‌ನ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತವಾದ 1998ರ ಮಾರ್ಚ್ 31. 7:15 ಅಂದರೆ ಎಒಎಲ್ ಕಂಪನಿ ನೆಟ್‌ಸ್ಕೇಪ್ ವಿಭಾಗಕ್ಕೆ ಬೀಗ ಹಾಕಿದ 2003ರ ಜುಲೈ 15. ಕೆಲಸ ಕಳೆದುಕೊಂಡವರ ಚರಿತ್ರೆಯನ್ನು ಯಾವ ಕಂಪನಿಯೂ ತನ್ನ ಮುಖಪುಟದಲ್ಲಿ ಬರೆಸುವುದಿಲ್ಲ. ಅದಕ್ಕೆ ಹಿತ್ತಿಲ ಬಾಗಿಲೇ ಬೇಕಿತ್ತು. ಇದೇ ವಿಳಾಸವನ್ನು ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಕೊಟ್ಟರೆ ಬರೀ ನೀಲಿ ಪುಟ ಬರುತ್ತಿತ್ತು. ವಿಂಡೋಸ್ ಕೈಕೊಟ್ಟಾಗ ಕಾಣುವ ನೀಲಿ ಪರದೆಯನ್ನು ನೆನೆದರೆ, ಆ ಗೇಲಿ ಯಾರ ಮೇಲೆ ಎಂದು ಹೇಳುವುದು ಕಷ್ಟ.

ಫೈರ್‌ಫಾಕ್ಸ್‌ನದೇ ಇನ್ನೊಂದು ಪುಟ ‘ಅಬೌಟ್:ರೋಬೋಟ್ಸ್’ ಇಷ್ಟು ಗಟ್ಟಿಯಿಲ್ಲ. ಅಸಿಮೋವ್ ಓದಿದವರು, ‘ಬ್ಲೇಡ್ ರನ್ನರ್’ ನೋಡಿದವರು ಪರಸ್ಪರ ಕಣ್ಣು ಮಿಟುಕಿಸುವ ಪುಟ, ಅಷ್ಟೆ.

ಕ್ರೋಮ್‌ನ ಡೈನೋಸಾರ್ ಬೇರೆಯೇ ಜಾತಿ. 2014ರಲ್ಲಿ ಬಂದ ಇದನ್ನು ಯಾರೂ ಹುಡುಕಬೇಕಿಲ್ಲ. ನೆಟ್ ಹೋಯಿತು ಎಂದು ತಲೆ ಕೆಟ್ಟು ಕೂತಾಗ ತಾನಾಗಿ ಎದುರು ನಿಲ್ಲುತ್ತದೆ; ಕೈ ತಪ್ಪಿ ಸ್ಪೇಸ್ ಬಾರ್ ಒತ್ತಿದರೆ ಓಟ ಶುರು. ಗೂಗಲ್ 2018ರಲ್ಲಿ ಕೊಟ್ಟ ಲೆಕ್ಕದಂತೆ ತಿಂಗಳಿಗೆ 27 ಕೋಟಿ ಆಟ. ಹೆಚ್ಚಿನ ಆಟಗಾರರು ಭಾರತ, ಬ್ರೆಜಿಲ್, ಮೆಕ್ಸಿಕೊ, ಇಂಡೋನೇಷ್ಯಾಗಳಂಥ, ನೆಟ್ ನೆಚ್ಚಿಕೊಳ್ಳಲಾಗದ ಅಥವಾ ಡೇಟಾ ದುಬಾರಿಯಾದ ಕಡೆಯವರು. ಈ ಜನಪ್ರಿಯತೆಯಲ್ಲಿ ನಮ್ಮ ಕೆಟ್ಟ ಸಿಗ್ನಲ್‌ನ ಪಾಲೂ ಇದೆ ಎಂದಾಯಿತು! ಶಾಲೆ, ಕಚೇರಿಗಳ ಅಡ್ಮಿನ್‌ಗಳು ಇದನ್ನು ನಿಲ್ಲಿಸಬಹುದು. ಹಾಗೆ ನಿಲ್ಲಿಸಿದ ಕಡೆ ಆಡಲು ಹೋದರೆ, ಡೈನೋಸಾರ್ ಕಡೆಗೆ ಉಲ್ಕೆಯೊಂದು ಧಾವಿಸಿ ಬರುವ ಚಿತ್ರ. ನಿಷೇಧದಲ್ಲೂ ತಮಾಷೆ ಬಿಡದ ಈ ಕಸುಬುಗಾರಿಕೆಗೆ ನನ್ನ ಪೂರ್ಣ ಅಂಕ. ಎಡ್ಜ್‌ನ ಸರ್ಫಿಂಗ್ ಆಟ ಇದಕ್ಕಿಂತ ಚೆಂದವೇ ಇದೆ, ಆದರೆ ವಿಳಾಸ ಟೈಪಿಸಿಕೊಂಡು ಹೋಗಿ ಆಡುವಷ್ಟು ಪುರುಸೊತ್ತಿದ್ದವರಿಗೆ ಬೇರೆ ಆಟಗಳೂ ಇವೆಯಲ್ಲ.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಡಿಸೆಂಬರ್ ಸಾಕ್ಷಿ. ‘ಮಿಸ್ಟರ್ ರೋಬೋಟ್’ ಟಿವಿ ಸರಣಿಯ ಪ್ರಚಾರಕ್ಕೆಂದು ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ‘ಲುಕಿಂಗ್ ಗ್ಲಾಸ್’ ಎಂಬ ಎಕ್ಸ್‌ಟೆನ್ಷನ್ ಅನ್ನು ಕೇಳದೆಯೇ ಬಳಕೆದಾರರ ಫೈರ್‌ಫಾಕ್ಸ್‌ಗೆ ಇಳಿಸಿತು. ಮನೆಯೊಡೆಯನಿಗೆ ಹೇಳದೆ ನಡುಮನೆಯ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸಿದ ಹಾಗೆ. ತಾವಾಗಿ ಚಾಲೂ ಮಾಡದಿದ್ದರೆ ಅದು ಏನೂ ಮಾಡುತ್ತಿರಲಿಲ್ಲ, ನಿಜ. ಆದರೆ ಆ್ಯಡ್-ಆನ್‌ಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು, ಅದರ ಕೆಳಗೊಂದು ಒಗಟಿನಂಥ ಸಾಲು ಕಂಡವರು ವೈರಸ್ ಹೊಕ್ಕಿತೆಂದು ಗಾಬರಿಯಾದರು. ಮೊಝಿಲ್ಲಾ ಕ್ಷಮೆ ಕೇಳಿ, ಅದನ್ನು ಬೇಕಾದವರು ತಾವೇ ಹಾಕಿಕೊಳ್ಳಲೆಂದು ಆ್ಯಡ್-ಆನ್ ಸ್ಟೋರ್‌ಗೆ ಸಾಗಿಸಿತು. ಮೊದಲೇ ಅಲ್ಲಿಟ್ಟಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ.