ಮಗು ಕೊಟ್ಟ ಪದ

ತರಗತಿಯಲ್ಲಿ ಹೊಡೆದಾಡುವ, ಪುಸ್ತಕ ಕಂಡರೆ ಮುಖ ತಿರುಗಿಸುವ ಮಗುವನ್ನು ಮೊದಲು ಒಲಿಸಿಕೊಳ್ಳಿ, ಪಾಠ ಆಮೇಲೆ ಎಂಬ ಉಪದೇಶವನ್ನು ಮೇಷ್ಟ್ರುಗಳು ಕೇಳುತ್ತಲೇ ಇರುತ್ತಾರೆ. ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಅವರ ‘ಟೀಚರ್’ (1963) ಓದಿದವರಿಗೆ ಈ ‘ಮೊದಲು, ಆಮೇಲೆ’ ಅರ್ಥವಿಲ್ಲದ್ದೆನಿಸುತ್ತದೆ. ಅಲ್ಲಿ ಓದು ಕಲಿಸುವ ಕೆಲಸದೊಳಗೇ ನಂಟು ಬೆಳೆಯುತ್ತದೆ.

ಅವರು ಕಲಿಸಿದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಮಕ್ಕಳಿಗೆ. ನಿನಗೆ ಯಾವ ಪದ ಬೇಕು ಎಂದು ಒಂದೊಂದು ಮಗುವನ್ನೂ ಕೇಳುತ್ತಿದ್ದರು. ಮಗು ಹೇಳಿದ್ದನ್ನು ದಪ್ಪ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು ಅದರ ಕೈಗೇ ಕೊಡುತ್ತಿದ್ದರು. ಮರುದಿನ ಎಲ್ಲರ ಕಾರ್ಡುಗಳನ್ನೂ ನೆಲಕ್ಕೆ ಸುರಿದರೆ ಮಕ್ಕಳು ಮುಗಿಬಿದ್ದು ತಮ್ಮತಮ್ಮದನ್ನು ಹುಡುಕಿಕೊಳ್ಳುತ್ತಿದ್ದವು. ಗುರುತು ಸಿಗದ ಪದವನ್ನು ಟೀಚರೇ ತೆಗೆದುಹಾಕುತ್ತಿದ್ದರು. ತಪ್ಪು ಪದದ್ದು, ಮಗುವಿನದಲ್ಲ. ಈ ಪದ್ಧತಿಯ ಜೀವಾಳ ಇಲ್ಲಿದೆ ಎಂದು ನನಗನಿಸುತ್ತದೆ. ದಡ್ಡ ಎನಿಸಿಕೊಂಡ ಮಗುವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನಾವುದು?

ಪುಸ್ತಕದ ರಂಗಿ ಎಂಬ ಹುಡುಗ ಮುದ್ದು, ಪೆಟ್ಟು, ಪೊಲೀಸರ ಭಯ ಇವುಗಳ ನಡುವೆ ಬೆಳೆದವನು. ‘ಕಮ್’, ‘ಲುಕ್’, ‘ಆ್ಯಂಡ್’ ಕಲಿಯಲು ಅವನಿಗೆ ನಾಲ್ಕು ತಿಂಗಳು ಹಿಡಿದಿತ್ತಂತೆ. ಕಟುಕನ ಕತ್ತಿ, ಜೈಲು, ಪೊಲೀಸು, ಮುತ್ತು, ಜಗಳ ಇಂಥ ಪದಗಳಿಗೆ ನಾಲ್ಕೇ ನಿಮಿಷ. ಸಭ್ಯ ಪಠ್ಯಪುಸ್ತಕ ಹೊರಗಿಟ್ಟ ಬದುಕನ್ನು ಟೀಚರ್ ಅಂಜದೆ ಒಳಕ್ಕೆ ಕರೆದರು. ಮಗುವಿನ ರೊಚ್ಚಿಗೆ ಬರವಣಿಗೆಯಲ್ಲಿ ದಾರಿ ಸಿಕ್ಕರೆ ಕೆಡವುವ ಹಟ ತಗ್ಗುತ್ತದೆಂಬುದು ಅವರ ನಂಬಿಕೆ.

ಅದಕ್ಕೆ ಅವರು ಅಳತೆಯ ಪುರಾವೆ ಕೊಡುವುದಿಲ್ಲ. ಕೊಡುವುದು ತರಗತಿಯ ಅನುಭವವನ್ನು. ಅದು ನನ್ನ ದೊಡ್ಡ ತಕರಾರಲ್ಲ, ತಕರಾರು ಬೇರೆಯದು. ಮಗು ಒಳಗಿನ ಭಯವನ್ನು ಹೊರಹಾಕಿದ ಮೇಲೆ ಅದನ್ನು ಹೊರಬಲ್ಲ ಮನಸ್ಸು ಟೀಚರಿಗೆ ಬೇಕು. ಆಷ್ಟನ್-ವಾರ್ನರ್ ಅವರಿಗೆ ಅದಿತ್ತು. ಇಲ್ಲದವರು ಏನು ಮಾಡಬೇಕೆಂಬುದಕ್ಕೆ ಪುಸ್ತಕದಲ್ಲಿ ಉತ್ತರ ಸಾಲದು.

ಇನ್ನೂ ದೊಡ್ಡ ಕೊರತೆ ಭಾಷೆಯದು. ‘ಹಾಕಾ’ (ಕುಣಿತ) ಥರದ ಮಾವೊರಿ ಪದ ನಡುನಡುವೆ ಬಂದರೂ ಕಾರ್ಡುಗಳು ಬಹುಪಾಲು ಇಂಗ್ಲಿಷಿನವು. ಮಗುವಿನ ಮನಸ್ಸಿನವರೆಗೆ ಹೋದ ಟೀಚರ್ ಅದರ ಅಜ್ಜಿಯ ಮಾತಿನವರೆಗೆ ಹೋಗಲಿಲ್ಲ. ಮಾವೊರಿಯಲ್ಲೇ ಮಕ್ಕಳನ್ನು ಬೆಳೆಸುವ ‘ಕೊಹಾಂಗಾ ರೇಒ’ ಶಿಶುವಿಹಾರಗಳು 1982ರಲ್ಲಿ ಶುರುವಾದವು. ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ.

ನಮ್ಮ ತಾಂಡಾಗಳಿಂದ ಕನ್ನಡ ಶಾಲೆಗೆ ಬರುವ ಲಂಬಾಣಿ ಮಕ್ಕಳ ವಿಷಯದಲ್ಲೂ ಈ ಕೊರತೆ ಕಾಡುತ್ತದೆ. ಯಾವ ಪದ ಬೇಕು ಎಂದರೆ ಅಂಥ ಮಗು ತನ್ನ ಮನೆಮಾತಿನದನ್ನೇ ಹೇಳೀತು. ಅದನ್ನು ಕನ್ನಡ ಲಿಪಿಯಲ್ಲೇ ಬರೆದುಕೊಡಬಹುದು. ಆದರೆ ಅದರ ಉಚ್ಚಾರವನ್ನು ಟೀಚರ್ ಆ ಮಗುವಿನಿಂದಲೇ ಕಲಿಯಬೇಕಾಗುತ್ತದೆ.