ಕಣ್ಣು ಕಟ್ಟಿದ ರುಚಿಗೆ ಅಂಕ ಯಾವುದಕ್ಕೆ?

ಲೇಬಲ್ ಮುಚ್ಚಿಟ್ಟ ಕೆಂಪು ವೈನನ್ನು ಮೂಸಿ, ಗುಟುಕರಿಸಿ, ಇಂಥದೇ ದ್ರಾಕ್ಷಿಯದು ಎಂದು ಹೇಳುವವರನ್ನು ಕಂಡರೆ ಎಲ್ಲರಿಗೂ ಬೆರಗು. ಆ ಬೆರಗೆಲ್ಲ ಕೊನೆಗೆ ಹೇಳುವ ಹೆಸರಿನ ಪಾಲಾಗುತ್ತದೆ. ಈ ವಿದ್ಯೆಯ ನಿಜವಾದ ಬೆಲೆ ಇರುವುದು ಹೆಸರಿಗಿಂತ ಮೊದಲು ಮೂಗು ಮಾಡುವ ಕೆಲಸದಲ್ಲಿ.

ಇದು ಬರಿಯ ಊಹೆಯ ಆಟವೆಂದು ತಳ್ಳಿಹಾಕುವಂತಿಲ್ಲ. ಶಿರಾಜ್ ಎಂಬ ದ್ರಾಕ್ಷಿಯ ವೈನಿನ ಖಾರದ ಘಮಕ್ಕೆ ರೋಟಂಡೋನ್ ಎಂಬ ರಾಸಾಯನಿಕ ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಒಳ್ಳೆಮೆಣಸಿನ ಘಮದ ಮೂಲವೂ ಅದೇ. ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢ ಪರಿಮಳದಲ್ಲಿ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕವಿದೆ, ಅದು ಮಲ್ಲಿಗೆಯಲ್ಲೂ ಇದೆ. ಹಾಗಾಗಿ ಬಂಟ್ವಾಳದ ನರಿಕೊಂಬಿನಂಥ ಊರಲ್ಲಿ, ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸನ್ನು ಅಂಗಳದಲ್ಲಿ ಒಣಗಿಸಿ ಬೆಳೆದವರು ವೈನ್ ವರ್ಣನೆಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್ ಹಣ್ಣನ್ನು ಕಂಡಿಲ್ಲವೆಂದು ಹಿಂಜರಿಯಬೇಕಿಲ್ಲ. ಅವರ ಮೂಗಿಗೆ ಬೇಕಾದ ಪಾಠ ಮನೆಯಲ್ಲೇ ಆಗಿದೆ. ವೈನ್ ಕಲಿಸುವವರು ಪರದೇಶದ ಹಣ್ಣುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಈ ಸಂಪತ್ತಿಗೆ ಮಾಡುವ ಅನ್ಯಾಯ.

ಆದರೆ ಘಮದಿಂದ ಹೆಸರಿಗೆ ನೇರ ದಾರಿಯಿಲ್ಲ. ರೋಟಂಡೋನ್ ತಂಪು ಸೀಮೆಯ ದ್ರಾಕ್ಷಿಯಲ್ಲಿ ಹೆಚ್ಚು. ಬಿಸಿಲ ನಾಡಿನ ಶಿರಾಜ್ ಮೆಣಸಿನ ಸುಳಿವೇ ಕೊಡದಿರಬಹುದು. 2008ರ ಆ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರೋಟಂಡೋನ್‌ನ ವಾಸನೆಯೇ ಹತ್ತಲಿಲ್ಲ. ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿಯ ಗುರುತೆನ್ನುವ ದೊಣ್ಣೆಮೆಣಸಿನ ಹಸಿವಾಸನೆಯೂ ಹಣ್ಣು ಮಾಗಿದಂತೆ ಇಳಿಯುತ್ತದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ‘ಲಾ ರಿಸರ್ವ್’ ಕೆಂಪು ವೈನಿನಲ್ಲಿ ಈ ಎರಡೂ ದ್ರಾಕ್ಷಿಗಳು ಬೆರೆತಿವೆ, ಮೇಲೆ ಓಕ್ ಪೀಪಾಯಿಯ ವಾಸನೆ. ಅಲ್ಲಿ ಒಂದೇ ಹೆಸರನ್ನು ಕೇಳುವುದೇ ತಪ್ಪು ಪ್ರಶ್ನೆ.

ಕಣ್ಣಿನ ಮೋಸ ಇನ್ನೂ ದೊಡ್ಡದು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿದ್ಯೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳುವುದಿಷ್ಟು: ಲೇಬಲ್ ಮುಚ್ಚಿದರೆ ಸಾಲದು, ಕಪ್ಪು ಗಾಜಿನ ಲೋಟವೂ ಬೇಕು.

ಆದ್ದರಿಂದ ಇಂಥ ರುಚಿ ಪರೀಕ್ಷೆಯ ಕ್ರಮ ಬದಲಾಗಬೇಕು. ರುಚಿ ನೋಡುವವರು ಹುಳಿ, ಒಗರು, ಘಮ, ಇವನ್ನು ಮೊದಲು ಬರೆಯಲಿ. ಅವುಗಳಿಂದ ಯಾವ ದ್ರಾಕ್ಷಿಗಳು ಸಾಧ್ಯ, ಯಾವುವು ಅಸಾಧ್ಯ ಎಂದು ವಾದಿಸಲಿ. ಹೆಸರು ಕೊನೆಗೆ ಬರಲಿ. ಇದ್ದ ಘಮವನ್ನು ಸರಿಯಾಗಿ ಹಿಡಿದು ಹೆಸರಲ್ಲಿ ಎಡವಿದವರಿಗೆ, ಏನನ್ನೂ ಗ್ರಹಿಸದೆ ಹೆಸರನ್ನು ಸರಿಯಾಗಿ ಊಹಿಸಿದವರಿಗಿಂತ ಹೆಚ್ಚು ಅಂಕ ಸಲ್ಲಬೇಕು.